ರೂಪಕದ ಕಥೆಯಲ್ಲಿ ಲೇಖಕರ ನಿಲುವು ಹುಡುಕುವುದು ಹೇಗೆ?

ಹೇಳುವುದು ಒಂದು ಕಥೆ, ಒಳಗಿನ ಅರ್ಥ ಇನ್ನೊಂದು ಇರುವುದೇ ರೂಪಕದ ಕಥೆ. ಜಾರ್ಜ್ ಆರ್ವೆಲ್‌ರ ಕಾದಂಬರಿ ‘ಅನಿಮಲ್ ಫಾರ್ಮ್’ನಲ್ಲಿ ಪ್ರಾಣಿಗಳು ಮಾಲೀಕನನ್ನು ಓಡಿಸುತ್ತವೆ, ಆಮೇಲೆ ಹಂದಿಗಳೇ ಆಳುತ್ತವೆ. ಅದನ್ನು ಓದಿದ ಕೂಡಲೇ ಎಲ್ಲರೂ ಒಂದು ಪಟ್ಟಿ ಮಾಡುತ್ತಾರೆ. ನೆಪೋಲಿಯನ್ ಅನ್ನುವ ಹಂದಿ ಅಂದರೆ ಸೋವಿಯತ್ ನಾಯಕ ಸ್ಟಾಲಿನ್, ಸ್ನೋಬಾಲ್ ಅನ್ನುವ ಹಂದಿ ಅಂದರೆ ಅವನ ಎದುರಾಳಿ ಟ್ರಾಟ್ಸ್ಕಿ. ಆಮೇಲೆ ‘ಲೇಖಕ ಸಮಾಜವಾದದ ವಿರೋಧಿ’ ಅಂತ ತೀರ್ಪು. ಬೆಳಗಾವಿಯ ಕಾಲೇಜು ಹುಡುಗರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಪಟ್ಟಿ ಸರಿ, ತೀರ್ಪು ತಪ್ಪು.

ಮೊದಲು, ಕಥೆ ಯಾವುದನ್ನು ತಪ್ಪು ಅನ್ನುತ್ತದೆ ನೋಡಿ. ಕೊನೆಯಲ್ಲಿ ಹಂದಿ ಯಾವುದು, ಮನುಷ್ಯ ಯಾರು ಅಂತ ಉಳಿದ ಪ್ರಾಣಿಗಳಿಗೆ ಗುರುತೇ ಸಿಗುವುದಿಲ್ಲ. ಇದು ಹಂದಿಗಳಿಗೆ ಬೈಗುಳ ಆಗಬೇಕಾದರೆ ಹಳೇ ಮಾಲೀಕ ಜೋನ್ಸ್ ಕೂಡ ಕೆಟ್ಟವನೇ ಆಗಿರಬೇಕು, ಅಲ್ವಾ? ಅವನೇ ವಾಪಸ್ ಬರಲಿ ಅನ್ನುವವರು ಇಂಥ ಮುಕ್ತಾಯ ಬರೆಯುವುದಿಲ್ಲ. ಸಿನಿಮಾ ನೋಡಿ ಮಾತಾಡಬೇಡಿ. 1954ರ ಕಾರ್ಟೂನ್ ಚಿತ್ರಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಗುಟ್ಟಾಗಿ ದುಡ್ಡು ಹಾಕಿತ್ತು, ಅದರಲ್ಲಿ ಕೊನೆಯೇ ಬೇರೆ.

ಎರಡನೆಯದು, ಲೇಖಕರು ಪಾತ್ರಗಳ ಹಿಂದೆ ನಿಲ್ಲದೆ ನೇರವಾಗಿ ಬರೆದದ್ದನ್ನು ಹುಡುಕಿ. 1936ರಿಂದ ಈಚೆಗೆ ತಾನು ಗಂಭೀರವಾಗಿ ಬರೆದದ್ದೆಲ್ಲ ಸರ್ವಾಧಿಕಾರದ ವಿರುದ್ಧ ಮತ್ತು ಪ್ರಜಾಸತ್ತಾತ್ಮಕ ಸಮಾಜವಾದದ ಪರ ಅಂತ ಆರ್ವೆಲ್ 1946ರ ಒಂದು ಪ್ರಬಂಧದಲ್ಲಿ ಹೇಳಿಕೊಂಡಿದ್ದಾರೆ. ಬರೀ ಮಾತಲ್ಲ. 1937ರಲ್ಲಿ ಸ್ಪೇನ್‌ನಲ್ಲಿ ಎಡಪಂಥೀಯ ಪಡೆಯ ಜೊತೆ ಹೋರಾಡಿ ಗಂಟಲಿಗೆ ಗುಂಡು ತಿಂದವರು, ಅದೇ ಪಡೆಯ ಮೇಲೆ ಸ್ಟಾಲಿನ್ ಕಡೆಯವರು ಬಿದ್ದಾಗ ಹೆಂಡತಿಯ ಜೊತೆ ತಪ್ಪಿಸಿಕೊಂಡು ಬಂದವರು. ಸಿಟ್ಟು ಎಲ್ಲಿಂದ ಬಂತು ಅನ್ನುವುದು ಇಲ್ಲಿ ಗೊತ್ತಾಗುತ್ತದೆ.

ಇಸವಿ ನೋಡುವುದು ಸಣ್ಣ ಕೆಲಸ, ಆದರೆ ಬಿಡಬೇಡಿ. ನಮ್ಮ ಜಿಲ್ಲೆಯ ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ ನಾಟಕ ತಗೊಳ್ಳಿ. ಗೌಡನ ಹೊಲ ಉಳುವ ಬಸಣ್ಣ ನೆಲ ತನ್ನದು ಅನ್ನುತ್ತಾನೆ. ಸುಮ್ನೆ ನೋಡಿದರೆ ಉಳುವವನೇ ಒಡೆಯ ಕಾನೂನಿನ ಪ್ರಚಾರದ ಹಾಗೆ ಕಾಣುತ್ತದೆ. ಆದರೆ ನಾಟಕ ರಂಗಕ್ಕೆ ಬಂದದ್ದು 1972ರಲ್ಲಿ, ಆ ಕಾನೂನು ತಂದ ಭೂ ಸುಧಾರಣೆಯ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ. ಅಂದರೆ ನಾಟಕವೇ ಮೊದಲು, ಕಾನೂನು ಆಮೇಲೆ.

ಇನ್ನು ಪಟ್ಟಿಗೆ ಹೊಂದದೆ ಉಳಿದದ್ದನ್ನು ಗುರುತು ಹಾಕಿ. ನನಗೆ ಇದೇ ಮುಖ್ಯ. ಬಸಣ್ಣ ಸಾಯುತ್ತಾನೆ, ಗೌಡತಿಯ ಹೊಟ್ಟೆಯಲ್ಲಿ ಅವನ ಮಗು ಉಳಿಯುತ್ತದೆ. ಭಾದ್ರಪದದಲ್ಲಿ ಹೆಂಗಸರು ಬುಟ್ಟಿಯಲ್ಲಿ ಹೊತ್ತು ಮನೆ ಮನೆಗೆ ತರುವ ಜನಪದ ದೇವರು ಜೋಕುಮಾರನೂ ಹುಣ್ಣಿಮೆಗೆ ಸಾಯುವವನೇ. ಇದನ್ನೆಲ್ಲ ಬರೀ ಭೂಮಿಯ ರಾಜಕೀಯ ಅಂದರೆ ಅರ್ಧ ನಾಟಕ ಕೈಬಿಟ್ಟ ಹಾಗೆ.

ಲೇಖಕರು ಬೇರೆಲ್ಲೂ ಬಾಯಿ ಬಿಟ್ಟಿಲ್ಲವೇ? ಆಗ ‘ಲೇಖಕರ ಅಭಿಪ್ರಾಯ ಇದು’ ಅಂತ ಬರೆಯಬೇಡಿ. ‘ಕಥೆ ಈ ಕಡೆ ವಾಲುತ್ತದೆ’ ಅಂತ ಬರೆದು, ಯಾವ ಸಾಲಿನಿಂದ ಹಾಗೆ ಅನ್ನಿಸಿತು ಅಂತ ತೋರಿಸಿ.