ಡೈನಮೊ ಪುಲ್ಲಿಯ ಸದ್ದು: ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಡಿ

ಹಳೆಯ ಕಾರಿನ ಬಾನೆಟ್ ಕೆಳಗಿನಿಂದ ಕೀರಲು ಸದ್ದು ಬಂದರೆ ಹೆಚ್ಚಿನವರು ಮೊದಲು ಫ್ಯಾನ್ ಬೆಲ್ಟನ್ನು ಬಿಗಿ ಮಾಡಿಸುತ್ತಾರೆ. ಸದ್ದು ಹೋಗದಿದ್ದರೆ ಬೆಲ್ಟನ್ನೇ ಬದಲಾಯಿಸುತ್ತಾರೆ, ಆಗಲೂ ಹೋಗದಿದ್ದರೆ ಬ್ಯಾಟರಿ ಚಾರ್ಜ್ ಮಾಡುವ ಇಡೀ ಆಲ್ಟರ್ನೇಟರನ್ನು, ಗ್ಯಾರೇಜಿನ ಮಾತಿನಲ್ಲಿ ಡೈನಮೊವನ್ನು, ಹೊಸದು ಹಾಕಿಸುತ್ತಾರೆ. ನಮ್ಮ ಪಕ್ಕದ ಮನೆಯವರ ಮಾರುತಿ 800ರಲ್ಲಿ ಈ ಮೂರೂ ನಡೆದವು. ಆಮೇಲೆ ಟಾರ್ಚ್ ಹಿಡಿದು ನೋಡಿದರೆ ಬೆಲ್ಟು ಸುತ್ತಿಕೊಳ್ಳುವ ಚಕ್ರದ, ಅಂದರೆ ಪುಲ್ಲಿಯ, ನಟ್ಟಿನ ಸುತ್ತ ಕುಂಕುಮದಷ್ಟು ನುಣ್ಣನೆಯ ಕೆಂಪು ಪುಡಿ ಅಂಟಿಕೊಂಡಿತ್ತು. ಪುಲ್ಲಿಯ ಒಳರಂಧ್ರ ಸವೆದು, ಅದು ಶಾಫ್ಟಿನ ಮೇಲೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಹೊಸ ಡೈನಮೊಗೆ ಹಳೆಯ ಪುಲ್ಲಿಯನ್ನೇ ಹಾಕಿದ್ದರಿಂದ ಸದ್ದೂ ಅದರ ಜೊತೆಗೇ ಬಂದಿತ್ತು.

1983ರ ಕೊನೆಯಿಂದ 2014ರ ಆರಂಭದವರೆಗೆ ತಯಾರಾದ ಮಾರುತಿ 800ರಂಥ ಗಾಡಿಗಳಲ್ಲಿ ಕ್ರ್ಯಾಂಕ್ ಪುಲ್ಲಿಯಿಂದ ಹೊರಟ ಒಂದೇ ಬೆಲ್ಟು ಇಂಜಿನ್ನನ್ನು ತಂಪಾಗಿಡುವ ವಾಟರ್ ಪಂಪನ್ನೂ ಡೈನಮೊವನ್ನೂ ತಿರುಗಿಸುತ್ತದೆ. ಡೈನಮೊದ ಪುಲ್ಲಿ ಚಿಕ್ಕದಾದ್ದರಿಂದ ಅದು ಇಂಜಿನ್ನಿಗಿಂತ ಸುಮಾರು ಎರಡು ಪಟ್ಟು ವೇಗದಲ್ಲಿ ತಿರುಗುತ್ತದೆ. ಹೀಗಾಗಿ ಬೇರೆಡೆ ಕೇಳಿಸದಷ್ಟು ಸಣ್ಣ ಸವೆತವೂ ಇಲ್ಲಿ ದೊಡ್ಡ ಸದ್ದಾಗುತ್ತದೆ.

ಸದ್ದು ಯಾವುದರದು?

ಈ ಹಂತಕ್ಕೆ ಅರ್ಧ ಗಂಟೆ ಕೊಡಿ. ಸೀರೆಯ ಸೆರಗು, ದುಪಟ್ಟಾ, ಕತ್ತಿನ ಸರ, ಸಡಿಲ ತೋಳು ಯಾವುದೂ ಬೆಲ್ಟಿನ ಹತ್ತಿರ ಸುಳಿಯದಂತೆ ನೋಡಿಕೊಂಡೇ ಬಾನೆಟ್ ತೆರೆಯಿರಿ.

ಬೆಳಿಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ 'ಕೀಂಯ್' ಎಂದು ಕಿರುಚಿ, ಕೆಲವೇ ಕ್ಷಣಗಳಲ್ಲಿ ನಿಂತರೆ ಅದು ಬೆಲ್ಟು ಜಾರುವ ಸದ್ದು. ರಾತ್ರಿ ನಿಂತ ಗಾಡಿಯ ಬ್ಯಾಟರಿ ಸ್ಟಾರ್ಟ್ ಆದ ತಕ್ಷಣ ಹೆಚ್ಚು ಕರೆಂಟ್ ಎಳೆಯುತ್ತದೆ, ಡೈನಮೊ ಭಾರವಾಗುತ್ತದೆ, ಬೆಲ್ಟಿನ ಹಿಡಿತ ಸಾಲದಾಗುತ್ತದೆ. ಹೆಡ್‌ಲೈಟ್ ಮತ್ತು ಬ್ಲೋಯರ್ ಹಾಕಿದಾಗ ಸದ್ದು ಏರಿದರೂ ಇದೇ ಕಾರಣವಿರಬಹುದು. ಆ ಸಮಯದಲ್ಲಿ ಬೆಲ್ಟಿನ ಒಳಮೈಗೆ ದೂರದಿಂದ ಸ್ವಲ್ಪ ನೀರು ಸಿಂಪಡಿಸಿ. ಸದ್ದು ಜೋರಾದರೆ ಬೆಲ್ಟು ಸಡಿಲವಾಗಿದೆ. ಒಂದು ಕ್ಷಣ ನಿಂತು ಮತ್ತೆ ಶುರುವಾದರೆ ಪುಲ್ಲಿಗಳು ಒಂದೇ ಗೆರೆಯಲ್ಲಿ ಇಲ್ಲ.

ಇದರ ಬದಲು 'ಗೊರ್ರ್' ಎಂಬ ಒರಟು ಸದ್ದು ಆಕ್ಸಿಲರೇಟರ್ ಒತ್ತಿದಂತೆ ಏರುತ್ತಿದ್ದರೆ ಶಾಫ್ಟನ್ನು ಹೊತ್ತು ತಿರುಗಲು ಬಿಡುವ ಗುಂಡುಗಳ ಉಂಗುರವನ್ನು, ಅಂದರೆ ಬೇರಿಂಗನ್ನು, ಅನುಮಾನಿಸಬೇಕು. ಐಡಲಿಂಗಿನಲ್ಲಿ 'ಟಕಟಕ' ಎಂದು ಬಡಿಯುತ್ತಾ ವೇಗ ಏರಿದಾಗ ಮಾಯವಾದರೆ ಪುಲ್ಲಿ ಸಡಿಲವಾಗಿರುವ ಸಾಧ್ಯತೆ ಹೆಚ್ಚು.

ಈಗ ಇಂಜಿನ್ ನಿಲ್ಲಿಸಿ, ಬೆಲ್ಟು ಬಿಚ್ಚಿ, ಮತ್ತೆ ಚಾಲೂ ಮಾಡಿ. ಬೆಲ್ಟಿಲ್ಲದೆ ವಾಟರ್ ಪಂಪ್ ತಿರುಗುವುದಿಲ್ಲವಾದ್ದರಿಂದ ಅರ್ಧ ನಿಮಿಷಕ್ಕಿಂತ ಹೆಚ್ಚು ಓಡಿಸಬಾರದು. ಬ್ಯಾಟರಿ ದೀಪ ಉರಿಯುತ್ತಿರುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ. ಸದ್ದು ಉಳಿದಿದ್ದರೆ ಡೈನಮೊ ನಿರಪರಾಧಿ. ಹೋಗಿದ್ದರೆ ಇಂಜಿನ್ ಆಫ್ ಮಾಡಿ, ಪುಲ್ಲಿಗಳನ್ನು ಒಂದೊಂದಾಗಿ ಕೈಯಿಂದ ತಿರುಗಿಸಿ ನೋಡಿ.

ಕೈಗೆ ತಿಳಿಯುವಷ್ಟು ಕಿವಿಗೆ ತಿಳಿಯುವುದಿಲ್ಲ. ಒಳ್ಳೆಯ ಬೇರಿಂಗ್ ಬೆಣ್ಣೆಯಂತೆ ತಿರುಗುತ್ತದೆ, ಹಾಳಾದದ್ದು ಬೆರಳಿಗೆ ಮರಳು ಸಿಕ್ಕಂತೆ ಗರಗರ ಎನ್ನುತ್ತದೆ. ಡೈನಮೊದೊಳಗಿನ ಕಾರ್ಬನ್ ಬ್ರಷ್‌ಗಳು ಶಾಫ್ಟಿನ ಮೇಲಿನ ಲೋಹದ ಉಂಗುರಕ್ಕೆ (ಸ್ಲಿಪ್ ರಿಂಗ್) ಉಜ್ಜುವ ಮೆಲುವಾದ 'ಸರ್ರ್' ಸದ್ದು ಮಾತ್ರ ಸಹಜವಾದದ್ದು. ಅದನ್ನೇ ಬೇರಿಂಗ್ ಎಂದು ಭಾವಿಸಿ ಚೆನ್ನಾಗಿರುವ ಡೈನಮೊ ಬಿಚ್ಚಿದವರನ್ನು ನಾನು ನೋಡಿದ್ದೇನೆ. ಮುಂದೆ, ಪುಲ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಪುಲ್ಲಿ ಮತ್ತು ಶಾಫ್ಟ್ ಒಟ್ಟಿಗೆ ಅಲುಗಿದರೆ ಬೇರಿಂಗ್ ಸವೆದಿದೆ, ಶಾಫ್ಟ್ ಅಲುಗದೆ ಪುಲ್ಲಿ ಮಾತ್ರ ಅಲುಗಿದರೆ ನಟ್ಟು ಸಡಿಲವಾಗಿದೆ ಅಥವಾ ಪುಲ್ಲಿಯ ರಂಧ್ರ ಸವೆದಿದೆ. ನಾನು ಹೇಳಿದ ಕೆಂಪು ಪುಡಿ ಇದರ ಗುರುತು: ಎರಡು ಉಕ್ಕಿನ ಮೈಗಳು ಸಣ್ಣಗೆ ಉಜ್ಜಿ ಉದುರಿಸಿದ ತುಕ್ಕು ಅದು.

ಪುಲ್ಲಿಯಲ್ಲಿ ಬೆಲ್ಟು ಕೂರುವ ತೋಡನ್ನೂ ನೋಡಿ. 'ವಿ' ಬೆಲ್ಟು ತನ್ನ ಎರಡು ಇಳಿಜಾರು ಪಕ್ಕಗಳಿಂದ ಹಿಡಿಯಬೇಕೇ ಹೊರತು ತಳದಿಂದಲ್ಲ. ತೋಡಿನ ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟು ತಳಕ್ಕೆ ತಾಗಿ ಓಡುತ್ತಿದೆ ಎಂದರ್ಥ. ಹೊಸ ಬೆಲ್ಟು ಹಾಕಿದರೂ ತಳ ಮುಟ್ಟುವುದಾದರೆ ಆ ಪುಲ್ಲಿಯನ್ನು ಗುಜರಿಗೆ ಹಾಕಿ.

ಬೆಲ್ಟಿಗೆ ಬಟ್ಟೆ ಸೋಪು ಉಜ್ಜುವುದು, ಸದ್ದು ನಿಲ್ಲಿಸುತ್ತದೆಂದು ಮಾರುವ ಸ್ಪ್ರೇ ಹೊಡೆಯುವುದು ಎರಡನ್ನೂ ಬಿಟ್ಟುಬಿಡಿ. ಸ್ಪ್ರೇಯ ಅಂಟಿಗೆ ದೂಳು ಹಿಡಿದು, ಕೆಲವೇ ದಿನಗಳಲ್ಲಿ ಅದು ಬೆಲ್ಟನ್ನೂ ಪುಲ್ಲಿಯನ್ನೂ ಅರೆಯುವ ಮರಳು ಕಾಗದವಾಗುತ್ತದೆ. ಇದಕ್ಕಿಂತ ಅಪಾಯಕಾರಿಯಾದದ್ದು, ಡೈನಮೊ ಚಾರ್ಜ್ ಮಾಡುತ್ತಿದೆಯೇ ಎಂದು ನೋಡಲು ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಕೇಬಲ್ ತೆಗೆಯುವ ಅಭ್ಯಾಸ. ಆ ಕ್ಷಣದಲ್ಲಿ ಏರುವ ವೋಲ್ಟೇಜು ಡೈನಮೊದ ರೆಗ್ಯುಲೇಟರನ್ನು ಸುಡಬಹುದು, ಫ್ಯುಯೆಲ್ ಇಂಜೆಕ್ಷನ್ ಗಾಡಿಯಾದರೆ ಕಂಪ್ಯೂಟರನ್ನೂ ಸುಡಬಹುದು. ಮಲ್ಟಿಮೀಟರನ್ನು ಬ್ಯಾಟರಿಗೆ ಹಿಡಿದರೆ ಸಾಕು: ಇಂಜಿನ್ ನಿಂತಾಗ ಸುಮಾರು 12.6 ವೋಲ್ಟ್, ಓಡುವಾಗ 13.8ರಿಂದ 14.5ರ ನಡುವೆ ಇರಬೇಕು.

ಪುಲ್ಲಿ ತೆಗೆಯುವುದು

ಬ್ಯಾಟರಿಯ ನೆಗೆಟಿವ್ ಕೇಬಲ್ ಮೊದಲು ಬಿಚ್ಚಿ, ವೈರುಗಳ ಫೋಟೊ ತೆಗೆದುಕೊಂಡು, ಡೈನಮೊವನ್ನು ಹೊರತೆಗೆಯಿರಿ. ಇದರಲ್ಲಿ ಕಷ್ಟವೇನಿಲ್ಲ.

ಕಷ್ಟವಿರುವುದು ಪುಲ್ಲಿಯ ನಟ್ಟಿನಲ್ಲಿ. ಸ್ಪ್ಯಾನರ್ ತಿರುಗಿಸಿದರೆ ಪುಲ್ಲಿಯೂ ಜೊತೆಗೇ ತಿರುಗುತ್ತದೆ. ಹಳೆಯ ಡೈನಮೊಗಳಲ್ಲಿ ಪುಲ್ಲಿಯ ಹಿಂದೆಯೇ ತಗಡಿನ ಫ್ಯಾನ್ ಇರುತ್ತದೆ. ಅದರ ರೆಕ್ಕೆಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ತಡೆಹಿಡಿಯುವುದು ರಸ್ತೆ ಬದಿಯ ರೂಢಿ, ಕೆಲಸ ಕೆಡುವುದೂ ಅಲ್ಲಿಯೇ. ಒಂದು ರೆಕ್ಕೆ ಬಾಗಿದರೆ ಫ್ಯಾನಿನ ತೂಕದ ಸಮತೋಲ ತಪ್ಪುತ್ತದೆ, ಹಳೆಯ ಸದ್ದು ಹೋಗಿ ಹೊಸ ಸದ್ದು ಬರುತ್ತದೆ. ಹಳೆಯ ಬೆಲ್ಟೊಂದನ್ನು ಪುಲ್ಲಿಯ ತೋಡಿನಲ್ಲಿ ಸುತ್ತಿ, ಅದರ ಎರಡೂ ತುದಿ ಸೇರಿಸಿ, ಮೇಜಿಗೆ ಜೋಡಿಸಿದ ಇಕ್ಕಳದಂಥ ಬೆಂಚ್ ವೈಸಿನಲ್ಲಿ ಬಿಗಿಯಿರಿ. ರಬ್ಬರು ಪುಲ್ಲಿಯನ್ನು ಗಾಯವಾಗದಂತೆ ಹಿಡಿಯುತ್ತದೆ. ಇಂಪ್ಯಾಕ್ಟ್ ಗನ್ ಇರುವ ಅಂಗಡಿ ಹತ್ತಿರವಿದ್ದರೆ ಅಲ್ಲಿಗೇ ಒಯ್ಯುವುದು ಉತ್ತಮ, ಅದು ಕ್ಷಣದಲ್ಲಿ ಬಿಚ್ಚುತ್ತದೆ. ನಟ್ಟು ಬಂದ ಮೇಲೆ ವಾಷರ್, ಪುಲ್ಲಿ, ಫ್ಯಾನ್, ಸ್ಪೇಸರ್ ಯಾವ ಕ್ರಮದಲ್ಲಿ ಬಂದವೋ ಅದೇ ಕ್ರಮದಲ್ಲಿ ತಂತಿಗೆ ಪೋಣಿಸಿಡಿ. ಸ್ಪೇಸರ್ ಒಂದು ಮರೆತರೆ ಪುಲ್ಲಿ ಕೆಲವು ಮಿಲಿಮೀಟರ್ ಒಳಸರಿದು, ಬೆಲ್ಟು ವಾರೆಯಾಗಿ ಓಡುತ್ತದೆ. ಶಾಫ್ಟಿನಲ್ಲಿ ಪುಲ್ಲಿ ಜಾರದಂತೆ ತಡೆಯುವ ಅರ್ಧಚಂದ್ರಾಕಾರದ ಲೋಹದ ತುಂಡು (ಕೀ) ಇದ್ದರೆ ಅದರ ಅಂಚು ಮುಕ್ಕಾಗಿದೆಯೇ ನೋಡಿ. ಪುಲ್ಲಿ ಬರದಿದ್ದರೆ ಪುಲ್ಲರ್ ಬಳಸಿ, ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಹೊಡೆಯಬೇಡಿ.

ಸವೆದ ರಂಧ್ರಕ್ಕೆ ತಗಡಿನ ಚೂರು ಸೇರಿಸಿ ಬಿಗಿ ಮಾಡಿಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಪುಲ್ಲಿ ಹೊಸದೇ ಆಗಬೇಕು, ಹಳೆಯದನ್ನು ಅಂಗಡಿಗೆ ಒಯ್ದು ವ್ಯಾಸ, ರಂಧ್ರ, ತೋಡಿನ ಅಗಲ ಮೂರನ್ನೂ ಹೋಲಿಸಿಯೇ ಕೊಳ್ಳಬೇಕು.

ಬೇರಿಂಗ್ ಬದಲಾವಣೆ

ಡೈನಮೊದ ಎರಡು ಅರ್ಧಗಳ ಮೇಲೆ ಒಂದು ಗೆರೆ ಎಳೆದು ಗುರುತು ಮಾಡಿ, ಆಮೇಲೆ ಬಿಚ್ಚಿ. ಬೇರಿಂಗಿನ ಅಂಚಿನಲ್ಲಿ ಸಂಖ್ಯೆ ಇರುತ್ತದೆ. ಉದಾಹರಣೆಗೆ 6303 ಎಂದಿದ್ದರೆ ಒಳವ್ಯಾಸ 17, ಹೊರವ್ಯಾಸ 47, ದಪ್ಪ 14 ಮಿಲಿಮೀಟರ್. ಮುಂದೆ '2ಆರ್‌ಎಸ್' ಎಂದಿದ್ದರೆ ಎರಡೂ ಬದಿಗೆ ರಬ್ಬರ್ ಸೀಲ್, 'ಝಡ್‌ಝಡ್' ಎಂದಿದ್ದರೆ ತಗಡಿನ ಮುಚ್ಚಳ. ನಮ್ಮ ದೂಳಿನ ರಸ್ತೆಗಳಿಗೆ ರಬ್ಬರ್ ಸೀಲಿನದನ್ನೇ ಕೊಳ್ಳಿ. ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಅರ್ಧ ಬೆಲೆಗೆ ಸಿಗುವ ಪ್ರಸಿದ್ಧ ಹೆಸರಿನ ಪೊಟ್ಟಣವನ್ನು ನಂಬಬೇಡಿ. ಹಳೆಯ ಬೇರಿಂಗಿನ ಸೀಲ್ ಎಬ್ಬಿಸಿ ಗ್ರೀಸ್ ತುಂಬಿಸಿದರೆ ಸದ್ದು ಕೆಲವು ವಾರ ಅಡಗುತ್ತದೆ, ಸವೆದ ಗುಂಡುಗಳು ಮಾತ್ರ ಸವೆದೇ ಇರುತ್ತವೆ.

ಹೊಸ ಬೇರಿಂಗ್ ಕೂರಿಸುವಾಗ ಒಂದು ನಿಯಮವನ್ನು ತಪ್ಪದೆ ಪಾಲಿಸಿ: ಯಾವ ಉಂಗುರ ಬಿಗಿಯಾಗಿ ಕೂರಬೇಕೋ ಅದರ ಮೇಲೆಯೇ ಒತ್ತಡ ಬೀಳಬೇಕು. ಡೈನಮೊದ ಅಲ್ಯುಮಿನಿಯಂ ಕವಚದೊಳಗೆ ಕೂರಿಸುವಾಗ ಹೊರ ಉಂಗುರವನ್ನು, ಶಾಫ್ಟಿನ ಮೇಲೆ ಕೂರಿಸುವಾಗ ಒಳ ಉಂಗುರವನ್ನು ಒತ್ತಬೇಕು. ತಪ್ಪು ಉಂಗುರಕ್ಕೆ ಹೊಡೆದರೆ ಪೆಟ್ಟು ಗುಂಡುಗಳ ಮೂಲಕ ಹಾದು, ಅವು ಓಡುವ ಹಾದಿಯಲ್ಲಿ ಕಣ್ಣಿಗೆ ಕಾಣದ ತಗ್ಗುಗಳಾಗುತ್ತವೆ. ಹೊಸ ಬೇರಿಂಗ್ ಹಾಕಿದ ಮರುದಿನವೇ ಸದ್ದು ಮಾಡುವುದು ಈ ಕಾರಣಕ್ಕೆ. ಹೊರ ಉಂಗುರದ ಅಳತೆಗೆ ಸರಿಹೊಂದುವ ಬಾಕ್ಸ್ ಸ್ಪ್ಯಾನರಿನ ತಲೆಯನ್ನು ಇಟ್ಟು, ವೈಸಿನಲ್ಲಿ ನಿಧಾನವಾಗಿ, ನೇರವಾಗಿ ಒತ್ತಿ. ಕವಚವನ್ನು ಕುದಿನೀರಿನಿಂದ ಬಿಸಿ ಮಾಡಿ ಪೂರ್ತಿ ಒರೆಸಿಕೊಂಡರೆ ಅಲ್ಯುಮಿನಿಯಂ ಹಿಗ್ಗಿ, ಬೇರಿಂಗ್ ಸಲೀಸಾಗಿ ಇಳಿಯುತ್ತದೆ. ಗ್ಯಾಸ್ ಟಾರ್ಚ್ ಬೇಡ. ವೈಸ್ ಇಲ್ಲದಿದ್ದರೆ ಲೇತ್ ಅಂಗಡಿಯಲ್ಲಿ ಪ್ರೆಸ್ ಮಾಡಿಸಿ.

ಜೋಡಣೆ

ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಜೋಡಿಸಿ. ಡೈನಮೊ ಗಾಡಿಯಲ್ಲಿ ಕೂತ ಮೇಲೆ ಕ್ರ್ಯಾಂಕ್ ಪುಲ್ಲಿಯಿಂದ ಡೈನಮೊ ಪುಲ್ಲಿಯವರೆಗೆ ಉದ್ದನೆಯ ಸ್ಟೀಲ್ ಪಟ್ಟಿ ಇಟ್ಟು, ಎರಡರ ತೋಡುಗಳೂ ಒಂದೇ ಗೆರೆಯಲ್ಲಿವೆಯೇ ಪರೀಕ್ಷಿಸಿ. ಕೆಳಗಿನ ಬೋಲ್ಟಿನ ರಂಧ್ರ ಸವೆದಿದ್ದರೆ ಬೆಲ್ಟು ಬಿಗಿದಾಗ ಡೈನಮೊ ವಾಲುತ್ತದೆ. ಅದನ್ನು ಬುಷ್ ಹಾಕಿಸಿ ಸರಿಪಡಿಸಿ.

ಬೆಲ್ಟಿನ ಬಿಗಿ ಗಾಡಿಯ ಕೈಪಿಡಿಯಲ್ಲಿರುವಷ್ಟೇ ಇರಲಿ. ಸದ್ದು ಬರಬಾರದೆಂದು ಬೆಲ್ಟನ್ನು ತಂಬೂರಿಯ ತಂತಿಯಂತೆ ಎಳೆದು ಬಿಗಿದರೆ ಡೈನಮೊದ ಮುಂದಿನ ಬೇರಿಂಗ್ ಮತ್ತು ವಾಟರ್ ಪಂಪಿನ ಬೇರಿಂಗ್ ಎರಡೂ ಬೇಗ ಹೋಗುತ್ತವೆ. ಹೊಸ ಬೆಲ್ಟು ಆರಂಭದಲ್ಲಿ ಸ್ವಲ್ಪ ಹಿಗ್ಗುವುದರಿಂದ 200 ಕಿಲೋಮೀಟರ್ ಓಡಿದ ಮೇಲೆ ಬಿಗಿಯನ್ನು ಮತ್ತೊಮ್ಮೆ ನೋಡಿ, ಹಾಗೆಯೇ ನಟ್ಟಿನ ಸುತ್ತ ಟಾರ್ಚ್ ಬಿಟ್ಟು ಕೆಂಪು ಪುಡಿ ಮತ್ತೆ ಕಾಣಿಸಿಕೊಂಡಿದೆಯೇ ಗಮನಿಸಿ.