ಬರೀ ಬಾಲ ಹಿಡಿಯುತ್ತಿದ್ದ ಕ್ಯಾಮೆರಾ

ನಾನೇ ಮಾಡಿದ ಮೊದಲ ಕ್ಯಾಮೆರಾ ಟ್ರ್ಯಾಪ್, ಅಂದರೆ ಪ್ರಾಣಿ ಮುಂದೆ ಬಂದರೆ ತಾನಾಗಿಯೇ ಕ್ಲಿಕ್ಕಿಸುವ ಕ್ಯಾಮೆರಾ, ಮೂರು ವಾರದಲ್ಲಿ 41 ಫೋಟೊ ತೆಗೆದಿತ್ತು. 36ರಲ್ಲಿ ಬರೀ ಹುಲ್ಲು. ನಾಲ್ಕರಲ್ಲಿ ನನ್ನದೇ ಕಾಲು. ಉಳಿದ ಒಂದರಲ್ಲಿ ಎಡ ಅಂಚಿನಿಂದ ಒಂದು ಬಾಲ ಹೊರಗೆ ಹೋಗುತ್ತಿತ್ತು. ಯಾರ ಬಾಲವೋ, ಇವತ್ತಿಗೂ ಗೊತ್ತಿಲ್ಲ. ಆದರೆ ಈ ಕೆಲಸ ಕಲಿತದ್ದು ಆ ಬಾಲದ ಬೆನ್ನು ಹತ್ತಿಯೇ.

ರೆಡಿಮೇಡ್ ಟ್ರ್ಯಾಪ್ ಸಿಗುತ್ತದೆ, ಚೆನ್ನಾಗಿಯೂ ಇರುತ್ತದೆ. ನನ್ನ ಹತ್ತಿರ ಮೂಲೆಗೆ ಬಿದ್ದಿದ್ದ ಸಣ್ಣ ಡಿಜಿಟಲ್ ಕ್ಯಾಮೆರಾ ಇತ್ತು, ಬೆಸುಗೆ ಹಾಕುವ ಹುಚ್ಚೂ ಇತ್ತು. ಬಿಚ್ಚಿದೆ. ಮೊದಲ ಪಾಠ ಶಾಕ್ ಹೊಡೆಸಿಕೊಂಡೇ ಆಯಿತು. ಫ್ಲ್ಯಾಶಿಗೆ ವಿದ್ಯುತ್ ಕೂಡಿಡುವ ಕೆಪಾಸಿಟರ್ ಸುಮಾರು 300 ವೋಲ್ಟ್ ಹಿಡಿದುಕೊಂಡಿರುತ್ತದೆ. ಬ್ಯಾಟರಿ ತೆಗೆದರೂ ಅದು ಬೇಗ ಖಾಲಿಯಾಗುವುದಿಲ್ಲ. ಈಗ ಯಾವುದೇ ಕ್ಯಾಮೆರಾ ಬಿಚ್ಚಿದರೂ ಮೊದಲು ಒಂದು ರೆಸಿಸ್ಟರ್ ತಾಗಿಸಿ ಅದನ್ನು ಖಾಲಿ ಮಾಡುತ್ತೇನೆ, ಮೀಟರ್ ಇಟ್ಟು ನೋಡುತ್ತೇನೆ, ಆಮೇಲೆ ಮುಂದಿನ ಕೆಲಸ.

ಶಟರ್ ಗುಂಡಿಯ ಕೆಳಗೆ ಮೂರು ತಗಡು ಇರುತ್ತವೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೊ. ಮೂರಕ್ಕೂ ತೆಳು ವೈರ್ ಬೆಸೆದು ಹೊರಗೆ ಎಳೆದೆ. ಕ್ಯಾಮೆರಾಕ್ಕೆ ಆಜ್ಞೆ ಕೊಡಲು ಆರ್ಡುವಿನೊ ಅನ್ನುವ ಸಣ್ಣ ಕಂಪ್ಯೂಟರ್ ಬೋರ್ಡು, ಯಾರಾದರೂ ಮುಂದೆ ಬಂದರೆ ಅದಕ್ಕೆ ತಿಳಿಸಲು ಒಂದು ಪಿಐಆರ್ ಸೆನ್ಸರ್, ಅಷ್ಟೇ. ಮನೆಯೊಳಗೆ ಎಷ್ಟು ಸಲ ಓಡಾಡಿದರೂ ಕ್ಲಿಕ್ ಅನ್ನುತ್ತಿತ್ತು. ಗೆದ್ದೆ ಅಂದುಕೊಂಡೆ.

ಎಲ್ಲವನ್ನೂ ಒಂದು ಡಬ್ಬಿಯಲ್ಲಿಟ್ಟು, ಒಳಗೆ ಮಳೆನೀರು ಬೀಳದಿರಲಿ ಅಂತ ಮುಂದೆ ಗಾಜು ಕೂರಿಸಿದೆ. ಎರಡು ವಾರ ಒಂದೂ ಫೋಟೊ ಇಲ್ಲ! ಸೆನ್ಸರ್ ಸತ್ತಿದೆ ಅಂತ ಹೊಸದು ಹಾಕಿದೆ, ಅದೂ ಸತ್ತಿತ್ತು. ತಪ್ಪು ಗಾಜಿನದ್ದು, ಅಂದರೆ ನನ್ನದು. ಪಿಐಆರ್ ನೋಡುವುದು ಚಲನೆಯನ್ನಲ್ಲ, ಶಾಖದ ಬದಲಾವಣೆಯನ್ನು. ಪ್ರಾಣಿಯ ಮೈಯಿಂದ ಹೊರಡುವ ಶಾಖದ ಕಿರಣದ ಅಲೆಯುದ್ದ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ. ನಮ್ಮ ಕಣ್ಣಿಗೆ ತಿಳಿಯಾಗಿ ಕಾಣುವ ಗಾಜು ಅದಕ್ಕೆ ಗೋಡೆ ಇದ್ದ ಹಾಗೆ. ಸೆನ್ಸರ್ ಮೇಲಿನ ಬಿಳಿ ಪ್ಲಾಸ್ಟಿಕ್ ಬುರುಡೆ ಇದೆಯಲ್ಲ, ಅದೇ ಅದರ ಲೆನ್ಸು. ಅದನ್ನು ಹಾಗೇ ಹೊರಗೆ ಬಿಟ್ಟು ಸುತ್ತ ಸಿಲಿಕೋನ್ ಹಚ್ಚಬೇಕು. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದರ ಹುಳಿ ಆವಿ ಒಳಗಿನ ತಾಮ್ರವನ್ನು ತಿನ್ನುತ್ತದೆ. ಗಾಜು ಕ್ಯಾಮೆರಾದ ಕಣ್ಣಿನ ಮುಂದೆ ಮಾತ್ರ ಇರಲಿ.

ಗಾಜು ತೆಗೆದ ಮೇಲೆ ಸಿಕ್ಕಿದ್ದೇ ಆ 41 ಫೋಟೊ. ಹುಲ್ಲಿನ ಕಾರಣ ಬೇಗ ಗೊತ್ತಾಯಿತು. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಆಡಿದರೆ ಸೆನ್ಸರಿಗೆ ಅದೂ ಒಂದು ಪ್ರಾಣಿಯೇ. ಮುಂದಿನ ಹುಲ್ಲು ಸವರಿ, ನೆರಳಿರುವ ಜಾಗ ಹುಡುಕಿದೆ. ಕಡು ಬೇಸಿಗೆಯ ಮಧ್ಯಾಹ್ನ ಮಾತ್ರ ಏನೂ ಮಾಡಲಾಗುವುದಿಲ್ಲ. ಪ್ರಾಣಿಯ ಮೈಯೂ ಸುತ್ತಲಿನ ನೆಲವೂ ಒಂದೇ ಬಿಸಿ ಇದ್ದರೆ ಸೆನ್ಸರಿಗೆ ವ್ಯತ್ಯಾಸವೇ ಕಾಣದು.

ಬಾಲದ ವಿಷಯ ಅಷ್ಟು ಸುಲಭ ಇರಲಿಲ್ಲ. ನನ್ನ ಕ್ಯಾಮೆರಾ ಮಲಗಿದ್ದು ಎದ್ದು, ಲೆನ್ಸ್ ಹೊರಗೆ ಚಾಚಿ, ಫೋಕಸ್ ಹುಡುಕುವ ಹೊತ್ತಿಗೆ ಮೂರು ಸೆಕೆಂಡು. ನಿಧಾನಕ್ಕೆ ನಡೆಯುವ ಪ್ರಾಣಿ ಸೆಕೆಂಡಿಗೆ ಒಂದು ಮೀಟರ್ ಹೋದರೂ ಅಷ್ಟರಲ್ಲಿ ಮೂರು ಮೀಟರ್ ಆಚೆ. ಬಾಲ ಸಿಕ್ಕಿದ್ದೇ ಪುಣ್ಯ. ಹಾಗಾಗಿ ಲೆನ್ಸ್ ಬಿಚ್ಚಿ ಹಾಕುವ ದೊಡ್ಡ ಕ್ಯಾಮೆರಾಕ್ಕೆ, ಒಂದು ಹಳೇ ಡಿಎಸ್‌ಎಲ್‌ಆರ್‌ಗೆ ಬದಲಾಯಿಸಿದೆ. ಅದು ನಿದ್ದೆಯಿಂದ ಏಳಲು ಒಂದು ಸೆಕೆಂಡೂ ಬೇಡ. ಫೋಕಸನ್ನು ಕೈಯಲ್ಲೇ ಹೊಂದಿಸಿ, ಉಂಗುರದ ಮೇಲೆ ಟೇಪ್ ಸುತ್ತಿದೆ. ಫ್ಲ್ಯಾಶಿಗೆ ನಿಕಾನಿನ ಹಳೇ ಎಸ್‌ಬಿ-28 ತಂದೆ. ಈ ಕೆಲಸ ಮಾಡುವವರು ಅದನ್ನೇ ಹುಡುಕುವುದಕ್ಕೆ ಕಾರಣ ಇದೆ: ದಿನಗಟ್ಟಲೆ ಮಲಗಿದ್ದರೂ ಬ್ಯಾಟರಿ ಹೆಚ್ಚು ತಿನ್ನುವುದಿಲ್ಲ, ಕರೆದ ತಕ್ಷಣ ಏಳುತ್ತದೆ. ಬೆಳಕನ್ನು ಪೂರ್ತಿಯ 1/16ಕ್ಕೆ ಇಳಿಸಿದೆ, ಪ್ರಾಣಿಯ ಕಣ್ಣಿಗೆ ಅದಕ್ಕಿಂತ ಹೆಚ್ಚು ಬೇಡ.

ಆಗಲೂ ಅರ್ಧ ಮೈ! ಒಂದರಲ್ಲಿ ಮೂತಿ, ಇನ್ನೊಂದರಲ್ಲಿ ಬೆನ್ನು. ಆಮೇಲೆ ಹೊಳೆಯಿತು. ಸೆನ್ಸರ್ ಇಡೀ ಕಾಡನ್ನೇ ನೋಡುತ್ತಿದೆ, ನನಗೆ ಬೇಕಿರುವುದು ಒಂದು ಗೇಣು ಜಾಗ. 1906ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯಲ್ಲಿ ಅಮೆರಿಕದ ಫೋಟೊಗ್ರಾಫರ್ ಜಾರ್ಜ್ ಶೈರಸ್ ತೆಗೆದ ರಾತ್ರಿಯ ಪ್ರಾಣಿಗಳ ಫೋಟೊ ಬಂದವು. ಅವರು ಎಷ್ಟೋ ಸಲ ದಾರಿಗೆ ಅಡ್ಡ ದಾರ ಕಟ್ಟುತ್ತಿದ್ದರು, ದಾರ ಎಳೆದರೆ ಫೋಟೊ. ದಾರ ಎಳೆದ ಪ್ರಾಣಿ ದಾರದ ಹತ್ತಿರವೇ ಇರಬೇಕು, ಅಲ್ವಾ? ನನ್ನ ಸೆನ್ಸರೂ ದಾರದ ಹಾಗೆ ಆಗಬೇಕಿತ್ತು.

ಸೆನ್ಸರನ್ನು ಕ್ಯಾಮೆರಾದಿಂದ ಬೇರೆ ಮಾಡಿದೆ. ಕಾಲುದಾರಿಯ ಪಕ್ಕ, ಮೊಣಕಾಲಿಗಿಂತ ಕೆಳಗೆ, ದಾರಿಗೆ ಅಡ್ಡ ನೋಡುವಂತೆ ಇಟ್ಟೆ. ಅದರೊಳಗೆ ಅಕ್ಕಪಕ್ಕ ಎರಡು ಕಣ್ಣು ಇರುತ್ತವೆ. ಒಂದಕ್ಕೆ ಮೊದಲು ಬಿಸಿ ತಾಗಿ ಇನ್ನೊಂದಕ್ಕೆ ಆಮೇಲೆ ತಾಗಿದರೆ ತಾನೇ ಎಚ್ಚರ? ಅದಕ್ಕೇ ಅಡ್ಡ ದಾಟುವ ಪ್ರಾಣಿ ತಟ್ಟನೆ ಸಿಗುತ್ತದೆ, ನೇರ ಎದುರಿಗೆ ಬರುವುದು ತಡವಾಗಿ. ಬುರುಡೆಗೆ ಕರಿ ಟೇಪ್ ಅಂಟಿಸಿ ಒಂದು ಸಣ್ಣ ಸೀಳು ಮಾತ್ರ ಬಿಟ್ಟೆ. ಸೀಳಿನ ನೇರದಲ್ಲಿ ದಾರಿಯ ಮೇಲೆ ಒಂದು ಕಲ್ಲಿಟ್ಟು, ಆ ಕಲ್ಲಿಗೆ ಫೋಕಸ್ ಮಾಡಿ, ಕಲ್ಲು ತೆಗೆದೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಇದಕ್ಕೆ ಎಂಟು ತಿಂಗಳು ಯಾಕೆ ಬೇಕಾಯಿತೋ!

ತೇವ ಹೀರಲಿ ಅಂತ ಡಬ್ಬಿಯೊಳಗೆ ಸಿಲಿಕಾ ಜೆಲ್ ಹಾಕುತ್ತೇನೆ, ವಾರಕ್ಕೊಮ್ಮೆ ಇರುವೆ ಗೂಡು ಕಟ್ಟಿದೆಯಾ ನೋಡುತ್ತೇನೆ. ಅನುಮತಿ ಇಲ್ಲದ ಜಾಗದಲ್ಲಿ ಇಡುವುದಿಲ್ಲ. ಗೂಡು, ಬಿಲದ ಬಾಯಿಗೆ ಇಡುವುದಿಲ್ಲ. ತಿಂಡಿಯ ಆಸೆ ತೋರಿಸಿ ಪ್ರಾಣಿಯನ್ನು ಕರೆಯುವುದೂ ಇಲ್ಲ.

ಮೊದಲು ಪೂರ್ತಿ ಸಿಕ್ಕಿದ್ದು ಒಂದು ಮುಳ್ಳುಹಂದಿ. ಮೂತಿಯಿಂದ ಕೊನೆಯ ಮುಳ್ಳಿನ ತನಕ, ಕಲ್ಲಿಟ್ಟಿದ್ದ ಜಾಗದಲ್ಲೇ. ಎರಡನೇ ರಾತ್ರಿಯೂ ಬಂತು. ಮೂರನೇ ರಾತ್ರಿ ಸೆನ್ಸರಿನ ವೈರ್ ಕಡಿದು ಹಾಕಿ ಹೋಯಿತು. ಈಗ ಆ ವೈರನ್ನು ಹಳೇ ನೀರಿನ ಪೈಪಿನೊಳಗೆ ತೂರಿಸಿ ಮಣ್ಣಲ್ಲಿ ಹೂತಿದ್ದೇನೆ.