ಕ್ಯಾಲಿಪರ್ ಹಿಡಿದು ಹಿಂಡಬೇಡಿ

ಒಂದೇ ಕಂಬಿಯನ್ನು ಮೂವರ ಕೈಗೆ ಕೊಟ್ಟು ಅಳೆಯಲು ಹೇಳಿ, ಮೂರು ಅಳತೆ ಬರುತ್ತವೆ. ಬೈಗುಳ ಮಾತ್ರ ಎರಡು ದವಡೆಗಳ ನಡುವೆ ಹಿಡಿದು ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್‌ಗೆ. ಹೆಚ್ಚಿನ ಸಲ ತಪ್ಪು ಹೆಬ್ಬೆರಳಿನದ್ದು.

1. ಮೊದಲು ಸೊನ್ನೆ ನೋಡಿ. ದವಡೆಗಳ ನಡುವೆ ಬಿಳಿ ಕಾಗದ ಇಟ್ಟು, ಹಗುರಾಗಿ ಮುಚ್ಚಿ, ಕಾಗದ ಎಳೆಯಿರಿ. ಕೊಳೆ ಅದರ ಜೊತೆ ಬರುತ್ತದೆ. ಈಗ ಮುಚ್ಚಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ದವಡೆ ಸವೆದಿದೆ. ವರ್ನಿಯರ್‌ನ (ಜಾರುವ ಚಿಕ್ಕ ಸ್ಕೇಲಿನ) ಸೊನ್ನೆ ಮುಖ್ಯ ಸ್ಕೇಲಿನ ಸೊನ್ನೆಯಿಂದ ಬಲಕ್ಕೆ ಸರಿದಿದ್ದರೆ ಆ ವ್ಯತ್ಯಾಸವನ್ನು ಕೊನೆಗೆ ಕಳೆಯಿರಿ, ಎಡಕ್ಕಿದ್ದರೆ ಕೂಡಿಸಿ.

2. ಎಡವುವುದು ಇಲ್ಲೇ. ವಸ್ತುವನ್ನು ದವಡೆಯ ತುದಿಯಲ್ಲಿ ಹಿಡಿಯಬೇಡಿ, ಸ್ಕೇಲಿನ ಹತ್ತಿರಕ್ಕೆ ತಳ್ಳಿ. ವಸ್ತು ಇರುವುದು ಒಂದು ಕಡೆ, ಗೆರೆಗಳು ಇನ್ನೊಂದು ಕಡೆ ಅಲ್ವಾ? ಹೆಬ್ಬೆರಳಿನಿಂದ ಒತ್ತಿದಷ್ಟೂ ಜಾರುವ ದವಡೆ ವಾಲುತ್ತದೆ, ಅಳತೆ ಕಡಿಮೆ ಬರುತ್ತದೆ. ತುದಿಯಲ್ಲಿ ಇದು ಇನ್ನೂ ಜಾಸ್ತಿ. ದವಡೆ ತಾಗಿದ ಮೇಲೆ ಕ್ಯಾಲಿಪರನ್ನು ಮೆಲ್ಲಗೆ ಅಲುಗಾಡಿಸಿ. ಅದು ಉಜ್ಜಿಕೊಂಡು ಜಾರಬೇಕು. ಲಟಲಟ ಅಂದರೆ ಸಡಿಲ, ಕಚ್ಚಿಕೊಂಡರೆ ಬಿಗಿ. ಹೀಗೆ ಅಲುಗಾಡಿಸುವಾಗ ಸಿಗುವ ಅತಿ ಕಡಿಮೆ ಅಳತೆಯೇ ಸರಿ. ಕಂಬಿಯಾದರೆ ಕಾಲು ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆಯಿರಿ. ಎಲ್ಲವೂ ಪೂರ್ತಿ ದುಂಡಗಿರುವುದಿಲ್ಲ.

ಲಾಕ್ ಸ್ಕ್ರೂ ಬಿಗಿದು, ಹೊರಗೆ ಎಳೆದು ಓದುವುದು ಬೇಡ. ಬಿಗಿಯುವಾಗಲೇ ಅಳತೆ ಕದಲಬಹುದು. ಎಳೆದರೆ ದವಡೆ ಸವೆಯುತ್ತದೆ. ಇದ್ದಲ್ಲೇ ಓದಿ. ಲೇತ್ (ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ತಿರುಗುತ್ತಿರುವಾಗಲಂತೂ ಹತ್ತಿರಕ್ಕೂ ಒಯ್ಯಬೇಡಿ.

3. ಓದುವಾಗ ಕಣ್ಣು ಗೆರೆಗಳ ನೇರಕ್ಕಿರಲಿ. ವರ್ನಿಯರ್‌ನ ಸೊನ್ನೆ ಮುಖ್ಯ ಸ್ಕೇಲಿನ 23 ಮಿ.ಮೀ. ದಾಟಿದೆ ಎನ್ನಿ. ತಕ್ಷಣ ಕೂಡುವ ಗೆರೆ (ಮುಖ್ಯ ಸ್ಕೇಲಿನ ಗೆರೆಯ ನೇರಕ್ಕೆ ಬರುವ ವರ್ನಿಯರ್ ಗೆರೆ) ಹುಡುಕಬೇಡಿ. 23ರಿಂದ 24ರ ನಡುವೆ ಸೊನ್ನೆ ಎಷ್ಟು ದೂರ ಬಂದಿದೆ ಎಂದು ಅಂದಾಜು ಮಾಡಿ. ಮೂರನೇ ಒಂದು ಭಾಗ ಇದ್ದರೆ, ವರ್ನಿಯರ್‌ನ 3ರ ಆಸುಪಾಸು ಮಾತ್ರ ನೋಡಿದರೆ ಸಾಕು. ಒಂದೊಂದು ಗೆರೆಗೆ 0.02 ಮಿ.ಮೀ. ತೋರಿಸುವ ಕ್ಯಾಲಿಪರ್‌ನಲ್ಲಿ 3 ದಾಟಿ ಎರಡನೇ ಗೆರೆ ಕೂಡಿದರೆ ಅಳತೆ 23.34.

4. ರಂಧ್ರದ ವ್ಯಾಸಕ್ಕೆ ಮೇಲಿನ ಚಿಕ್ಕ ದವಡೆ ಬಳಸಿ, ಅತಿ ಹೆಚ್ಚಿನ ಅಳತೆ ತೆಗೆದುಕೊಳ್ಳಿ. ಉದ್ದ ತೋಡಿನ (ಗ್ರೂವ್) ಅಗಲಕ್ಕಾದರೆ ಅತಿ ಕಡಿಮೆ.

ಡಿಜಿಟಲ್ ಕೊಳ್ಳುವುದಾದರೆ ಪ್ಲಾಸ್ಟಿಕ್ ದವಡೆಯದ್ದು ಸುಮ್ನೆ ದಂಡ. ಅಂಕಿ ಮಿನುಗತೊಡಗಿದರೆ ಮೊದಲು ಸೆಲ್ ಬದಲಿಸಿ. ಎರಡೂ ಬಟನ್ ಸೆಲ್ ಹಿಡಿಸುವ ಮಾದರಿಗೆ ಎಲ್‌ಆರ್44 (ಆಲ್ಕಲೈನ್) ಬದಲು ಎಸ್‌ಆರ್44 (ಸಿಲ್ವರ್ ಆಕ್ಸೈಡ್) ಹಾಕಿ, ಅದರ ವೋಲ್ಟೇಜ್ ಕೊನೆವರೆಗೂ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಆಗಷ್ಟೇ ಕಡೆದ ಬಿಸಿ ತುಂಡನ್ನು ಆರಲು ಬಿಡಿ: 50 ಮಿ.ಮೀ. ಅಲ್ಯೂಮಿನಿಯಂ 20 ಡಿಗ್ರಿ ಬಿಸಿಯೇರಿದರೆ ಸುಮಾರು 0.02 ಮಿ.ಮೀ. ಹಿಗ್ಗಿರುತ್ತದೆ.